ನಲ್ಲಿ ಮಾವನ ಟವೆಲ್ ಕಂಬಿಗಳು

ನಲ್ಲಿ ಮಾವ ಸುಳ್ಳು ಹೇಳುವ ಜಾಯಮಾನದವರಲ್ಲ. ನಲವತ್ತು ವರ್ಷ ಪ್ಲಂಬರ್ ಆಗಿದ್ದೂ "ನಾಳೆ ಬರ್ತೀನಿ" ಅಂದರೆ ನಾಳೆಯೇ ಬರುತ್ತಿದ್ದರು. ಆ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ಅಂಥವರು ಅರವತ್ತು ದಾಟಿದ ಮೇಲೆ ದಿನಕ್ಕೆರಡರಂತೆ ಸುಳ್ಳು ಹೇಳತೊಡಗಿದ್ದು ಬಚ್ಚಲುಮನೆಗಳ ದೆಸೆಯಿಂದ.

ಹಳೇ ಗಿರಾಕಿಯೊಬ್ಬರು, ನಿವೃತ್ತ ಹೆಡ್‌ಮೇಷ್ಟ್ರು, ಬಚ್ಚಲಲ್ಲಿ ಕಾಲು ಜಾರಿದಾಗ ಎದುರಿಗಿದ್ದ ನಲ್ಲಿಯನ್ನು ಹಿಡಿದುಕೊಂಡರು. ನಲ್ಲಿ ಕಿತ್ತು ಕೈಗೆ ಬಂತು, ಮೇಷ್ಟ್ರು ನೆಲಕ್ಕೆ ಬಂದರು. ಮಣಿಕಟ್ಟು ಮುರಿಯಿತು. ಆ ನಲ್ಲಿ ಹಾಕಿದ್ದವರು ಮಾವನೇ. "ನಲ್ಲಿ ಇರೋದು ನೀರು ಬಿಡೋಕೆ, ಮನುಷ್ಯರನ್ನ ಹಿಡಿಯೋಕಲ್ಲ" ಅಂತ ಎಲ್ಲರೂ ಸಮಾಧಾನ ಹೇಳಿದರೂ ಅವರ ಮನಸ್ಸು ಕೇಳಲಿಲ್ಲ. ಜಾರುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಹಾಗಿದ್ದ ಮೇಲೆ ಕೈಗೆ ಸಿಗುವುದು ಗಟ್ಟಿಯಾಗಿರಲಿ. ಅವತ್ತಿನಿಂದ ವಯಸ್ಸಾದವರ ಮನೆಗಳಿಗೆ ಸ್ಟೀಲ್ ಕಂಬಿ ಹಾಕುವುದು, ಎಡವುವ ಹೊಸಿಲು ತಗ್ಗಿಸುವುದು, ನುಣುಪು ಟೈಲ್ಸ್ ಕಿತ್ತು ಒರಟಿನದು ಹಾಸುವುದು, ಕೂತು ಸ್ನಾನ ಮಾಡಲು ಸ್ಟೂಲು ಇಡುವುದು, ಇದನ್ನೇ ಕಸುಬು ಮಾಡಿಕೊಂಡರು.

ತೊಡಕೆಂದರೆ, ಊರಲ್ಲಿ ವಯಸ್ಸಾದವರು ಒಬ್ಬರೂ ಇರಲಿಲ್ಲ. ಎಂಬತ್ಮೂರರ ಟೈಲರ್ ಅಜ್ಜ ಕಂಬಿ ನೋಡಿ, "ಇದೆಲ್ಲ ಮುದುಕರಿಗಪ್ಪಾ, ನನಗ್ಯಾಕೆ" ಅಂದು ಬಾಗಿಲು ಹಾಕಿಕೊಂಡರು. ಮಾವ ಆಗ ಸುಳ್ಳಿಗೆ ಇಳಿದರು. ಕಂಬಿ ಟವೆಲ್ ಹಾಕುವುದಕ್ಕೆ. ಸ್ಟೂಲು ಬಟ್ಟೆ ಇಡುವುದಕ್ಕೆ. ಒರಟು ಟೈಲ್ಸ್ ಈಗಿನ ಫ್ಯಾಷನ್ನು. ಪಕ್ಕದಲ್ಲಿ ನಿಂತ ಮಗಳೋ ಸೊಸೆಯೋ "ಹೌದೌದು" ಅಂತ ತಾಳ ಹಾಕುತ್ತಿದ್ದರು. ಹೀಗೆ ಏಳು ವರ್ಷ ನಡೆಯಿತು.

ಮೂರು ಬೀದಿ ಆಚೆ ಅವರ ಅಕ್ಕನ ಮನೆ. ತಮ್ಮನಿಗಿಂತ ಎಂಟು ವರ್ಷ ದೊಡ್ಡವರು, ಅವರನ್ನು ಎತ್ತಿ ಆಡಿಸಿದವರು. ಟೈಪಿಂಗ್ ಶಾಲೆ ನಡೆಸಿದ್ದರಿಂದ, ತಪ್ಪು ಎಲ್ಲಿದೆಯೋ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅವರ ಹಣೆಯ ಮೇಲೆ ಬದನೆಕಾಯಿ ಬಣ್ಣದ ಬುಗುಟು ಎದ್ದಿತ್ತು.

"ಬಾಗಿಲು ಬಡೀತು" ಅಂದರು ಅಕ್ಕ.

ಬಚ್ಚಲಿನ ಹೊಸಿಲು ನಾಲ್ಕು ಬೆರಳು ಎತ್ತರವಿರುವುದು ಮಾವನಿಗೆ ಗೊತ್ತಿತ್ತು. ಮನೆಗೆ ಹೋಗಿ ಡ್ರಿಲ್ಲು ತಂದರು. ಅಕ್ಕ ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಏನೋ ಅದು?"

"ಟವೆಲ್ ಹಾಕೋಕೆ ಒಂದು ಕಂಬಿ ಅಕ್ಕ. ಈಗ ಎಲ್ಲರ ಮನೇಲೂ ಇದೆ."

"ಟವೆಲ್ ಕಂಬಿಗೆ ಬೆರಳುದ್ದ ಸ್ಕ್ರೂ ಯಾಕೋ? ನನ್ನ ಟವೆಲ್ಲೇನು ಕಲ್ಲಿಂದ ನೇಯ್ದಿದ್ದಾ?"

ಮಾವ ಗೋಡೆಯನ್ನು ತಟ್ಟಿ ನೋಡುವವರಂತೆ ಮುಖ ಆ ಕಡೆ ತಿರುಗಿಸಿದರು.

"ಊರಿಗೆಲ್ಲ ಹೇಳೋ ಸುಳ್ಳು ನನಗೂ ಹೇಳ್ತೀಯಾ? ನಿಜ ಹೇಳು, ಆಮೇಲೆ ಬೇಕೋ ಬೇಡವೋ ನೋಡೋಣ."

"ನೀನು ಬಿದ್ದುಬಿಡ್ತೀಯ ಅಂತ ಹೆದರಿಕೆ ಅಕ್ಕ." ಗೋಡೆಗೇ ಹೇಳಿದರು.

ಅಕ್ಕ ಹಣೆಯ ಬುಗುಟು ಮುಟ್ಟಿ ನೋಡಿಕೊಂಡರು. "ನಿನ್ನೆ ಬಿದ್ದೆ" ಅಂದರು. "ಪಾಪ, ಬಾಗಿಲಿನದು ತಪ್ಪೇನಿಲ್ಲ. ಹಾಕು. ಆದರೆ ಅಲ್ಲಲ್ಲ. ನನ್ನ ಬಲಭುಜ ಎರಡು ವರ್ಷದಿಂದ ಮೇಲಕ್ಕೆ ಬರಲ್ಲ. ನಾನು ಏಳೋದು ಎಡಗೈ ಊರಿ."

ಕುರ್ಚಿಯಿಂದ ಎದ್ದು ತೋರಿಸಿದರು. ಮಾವ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗಕ್ಕೂ ಅಕ್ಕನ ಕೈಗೂ ಎರಡು ಅಡಿ ದೂರ.

"ಇಷ್ಟು ಜನರ ಮನೇಲಿ ಹಾಕಿದ್ಯಲ್ಲ, ಕೈ ಎಲ್ಲಿ ಊರ್ತೀರಿ ಅಂತ ಒಬ್ಬರನ್ನಾದ್ರೂ ಕೇಳಿದ್ಯಾ?"

"ಟವೆಲ್‌ಗೆ ಅಂತ ಹೇಳಿ ಅದನ್ನ ಹೇಗೆ ಕೇಳ್ಲಿ?"

"ಅದೇ ಮತ್ತೆ" ಅಂದರು ಅಕ್ಕ.

ಮಾರನೆಯ ದಿನವೇ ಇಬ್ಬರೂ ಹೊರಟರು. ಮೊದಲು ಹೆಡ್‌ಮೇಷ್ಟ್ರ ಮನೆ. ಅವರ ಕಂಬಿಯ ಮೇಲೆ ಎರಡು ಟವೆಲ್ಲು, ಒಂದು ಪೈಜಾಮ ಒಣಗುತ್ತಿದ್ದವು. ಕೈ ಎಲ್ಲಿ ಊರ್ತೀರಿ ಅಂತ ಕೇಳಿದರೆ, ಏಳುವಾಗ ಮೇಷ್ಟ್ರು ಈಗಲೂ ಹಿಡಿಯುತ್ತಿದ್ದದ್ದು ನಲ್ಲಿಯನ್ನೇ! ಮಾವ ಟವೆಲ್ಲು ಸರಿಸಿ ಕಂಬಿ ತೋರಿಸಿ, "ಇದನ್ನ ಹಿಡ್ಕೊಳ್ಳಲ್ವಾ?" ಅಂದರು.

"ಟವೆಲ್‌ಗೆ ಅಂತ ನೀನೇ ತಾನೇ ಹೇಳಿದ್ದು?" ಮೇಷ್ಟ್ರು ಕೇಳಿದರು.

"ಸುಳ್ಳು ಹೇಳಿದ್ದೆ ಮೇಷ್ಟ್ರೇ. ನಿಜ ಹೇಳಿದ್ರೆ ಬೈತೀರಿ ಅಂತ."

"ಬೈತಿದ್ದೆ. ಬೈದು, ಆಮೇಲೆ ಹಿಡ್ಕೊಳ್ತಿದ್ದೆ. ಮೊದಲೇ ಹೇಳೋದಲ್ವಾ?"

ಆ ವಾರವೆಲ್ಲ ಹಳೇ ಕಂಬಿ ಬಿಚ್ಚುವುದು, ಕೇಳಿದ ಕಡೆ ಕೂರಿಸುವುದು. ಟೈಲರ್ ಅಜ್ಜ ಎಂದಿನಂತೆ ಬಾಗಿಲು ಹಾಕಿಕೊಳ್ಳಲು ನೋಡಿದರು. ಅಕ್ಕ ಮಾತಾಡದೆ ಹಣೆಯ ಬುಗುಟು ತೋರಿಸಿದರು. ಅಜ್ಜ ಅದನ್ನು ಬಟ್ಟೆ ಪರೀಕ್ಷಿಸುವಂತೆ ಬಗ್ಗಿ ನೋಡಿ, "ಇದೇನು ಮಹಾ" ಅನ್ನುತ್ತ ಅಂಗಿತೋಳು ಮಡಚಿ ತಮ್ಮ ಮೊಣಕೈಯನ್ನು ತೋರಿಸಿದರು. ಆಮೇಲೆ ಮೊಣಕಾಲು. ಅರ್ಧ ಗಂಟೆ ಇಬ್ಬರೂ ಗಾಯಗಳ ಪೈಪೋಟಿ ನಡೆಸಿದರು. ಅಷ್ಟರಲ್ಲಿ ಮಾವ, ಕೈ ಊರುವ ಜಾಗ ಅಜ್ಜನನ್ನೇ ಕೇಳಿಕೊಂಡು, ಒಳಗೆ ಎರಡು ಕಂಬಿ ಕೂರಿಸಿಯಾಗಿತ್ತು.

ಕೆಲಸ ಮುಗಿಸಿ ಮಾವನ ಮನೆಗೆ ಬಂದು ಕೂತಾಗ, ಬಾಯಿಪಾಠವಾಗಿದ್ದ ಪ್ರಶ್ನೆಯನ್ನು ಅಕ್ಕ ತಮ್ಮನಿಗೂ ಕೇಳಿದರು. "ನಿನಗೂ ಅರವತ್ತೊಂಬತ್ತಾಯ್ತಲ್ಲ. ಏಳುವಾಗ ನೀನು ಕೈ ಎಲ್ಲಿ ಊರ್ತೀಯೋ?"

"ನಾನಾ? ನನಗೇನಕ್ಕ, ನಾನು ಗಟ್ಟಿಮುಟ್ಟಾಗಿದ್ದೀನಿ."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ನನ್ನ ಹೆಗಲ ಮೇಲೆ ಊರ್ತಾರೆ ಅತ್ತಿಗೆ. ಐದು ವರ್ಷವಾಯ್ತು. ಕಂಬಿ ಹಾಕೋರ ಹೆಂಡತಿ ನಾನು, ನನ್ನನ್ನೇ ಕಂಬಿ ಮಾಡಿದ್ದಾರೆ."

ಮಾವ ಅಕ್ಕನ ಮುಖ ನೋಡಲಿಲ್ಲ. ಆ ಭಾನುವಾರ ಅವರ ಮನೆಯಿಂದ ಡ್ರಿಲ್ಲಿನ ಸದ್ದು ಕೇಳಿಸಿತು. ಎಲ್ಲಿ, ಎಷ್ಟು ಎತ್ತರಕ್ಕೆ ಅನ್ನುವುದನ್ನು ಹೆಂಡತಿಯೇ ನಿಂತು ಹೇಳಿದರು. ಮಾವ ಹೂಂ ಅನ್ನುತ್ತಾ ತೂತು ಕೊರೆದರು.