ಕೈಗೆ ಕೇಳ್ರಿ

ಜಹೀರಾಬಾದಿನ ಆ ಮಿಸ್ತ್ರಿ ಜರ್ಮನ್ ಕಾರುಗಳನ್ನು ಬಿಟ್ಟು ಬೇರೆ ಗಾಡಿ ಮುಟ್ಟುತ್ತಿರಲಿಲ್ಲ. ನಾನು ತಾಂಡೂರಿಗೆ ಓಡಾಡುವ ರಸ್ತೆಯನ್ನು ಕಲ್ಲಿನ ಲಾರಿಗಳು ಕೆಡಿಸಿದ್ದವು. ಅದರಿಂದ ನನ್ನ ಹಳೆಯ ಕಾರಿನ ಲೋವರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಲೋಹದ ತೋಳು, ಬೇಗ ಸವೆಯುತ್ತಿತ್ತು.

ಅವರು ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು, ಕಣ್ಣು ಮುಚ್ಚಿ ಅಲುಗಿಸುವರು. ಆಮೇಲೆ ನನ್ನನ್ನೂ ಕೂರಿಸಿ ಚಕ್ರ ಹಿಡಿಸುವರು.

"ಕಣ್ಣು ಸುಳ್ಳು ಹೇಳ್ತದ. ಕೈಗೆ ಕೇಳ್ರಿ."

ಸವೆದ ಕೀಲಿನ ಸಡಿಲ ನನ್ನ ಕೈಗೂ ತಿಳಿಯುವವರೆಗೆ ಬೋಲ್ಟು ಬಿಚ್ಚುವ ಪಾನಾ ಎತ್ತುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹೋದಾಗ ನನ್ನನ್ನು ಕರೆಯಲಿಲ್ಲ. ತಾವೊಬ್ಬರೇ ಚಕ್ರ ಅಲುಗಿಸಿ, "ಹೋಗ್ಯಾದ" ಎಂದು ಹಳೆಯ ಆರ್ಮ್ ಬಿಚ್ಚಿ ಹೊಸದನ್ನು ಹಾಕಿದರು. ಮತ್ತೆ ಚಕ್ರ ಹಿಡಿದರು.

"ಇನ್ನೂ ಅಲುಗ್ತದಲ್ಲ."

ಬಹಳ ಹೊತ್ತು ಚಕ್ರ ಬಿಡಲಿಲ್ಲ. ಕೊನೆಗೆ, "ಸರ್, ನೀವು ಹಿಡೀರಿ" ಎಂದರು.

ಹಿಡಿದೆ. ಚಕ್ರ ಮಿಸುಕಲಿಲ್ಲ. ಬಿಚ್ಚಿಟ್ಟಿದ್ದ ಹಳೆಯ ಆರ್ಮಿನ ಕೀಲನ್ನೂ ತಿರುಗಿಸಿ ನೋಡಿದೆ. ಅದೂ ಬಿಗಿಯಾಗಿಯೇ ಇತ್ತು.

"ಏನಂತದರಿ ನಿಮ್ಮ ಕೈ?"

ಅವರು ನನ್ನನ್ನು ನೋಡುತ್ತಿರಲಿಲ್ಲ. ತೊಡೆಯ ಮೇಲಿದ್ದ ಅವರ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಅದರ ಮಣಿಕಟ್ಟನ್ನು ಅದುಮಿ ಹಿಡಿದರು. ಎರಡೂ ಕೈ ಸೇರಿ ನಡುಗತೊಡಗಿದವು.

"ಹಳೇದು ಚಲೋ ಅದ. ಅದನ್ನೇ ಹಾಕ್ತೀನ್ರಿ" ಎಂದು, ಯಾರಿಗೂ ಮುಟ್ಟಗೊಡದಿದ್ದ ತಮ್ಮ ಪಾನಾವನ್ನು ನನ್ನತ್ತ ಚಾಚಿದರು.

"ಬಿಗಿ ಮಾಡಾಕ ಮಾತ್ರ ನೀವು ಬರ್ರಿ."