ಮಡಿಯಿಲ್ಲದ ಬದನೆ ಮಡಿ

ಕತ್ತರಿಯಪ್ಪ ಸಂಜೆ ಅಂಗಡಿ ಮುಚ್ಚಿ ಬರುವಾಗ ತರುತ್ತಿದ್ದ ಚೀಲವನ್ನು ಅವನ ಹೆಂಡತಿ ಒಮ್ಮೆಯೂ ಮುಟ್ಟಿದವಳಲ್ಲ. ಚೀಲದ ತುಂಬ ಕಂಡವರ ತಲೆಗೂದಲು. ನರೆತದ್ದು, ಕರಿಯದು, ಎಣ್ಣೆ ಜಿಡ್ಡಿನದು, ಹೊಟ್ಟು ಹತ್ತಿದ್ದು. ಬೇರೆ ಗಂಡಂದಿರು ಹಣ್ಣು ತರುತ್ತಾರೆ, ಇವನು ಗಿರಾಕಿಗಳ ಹೊಟ್ಟು ತರುತ್ತಾನೆ ಎಂದು ಅವಳು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದಳು.

"ಹಿತ್ತಲ ಕಡೆಯಿಂದ ಬನ್ನಿ. ಅದನ್ನ ಹಿಡ್ಕೊಂಡು ನಡುಮನೆಗೆ ಕಾಲಿಟ್ರೆ ನೋಡಿ."

ಅವನಿಗೆ ಬೇರೆ ಹೆಸರಿತ್ತು. ಕತ್ತರಿ ಕೆಳಗಿಟ್ಟದ್ದನ್ನು ಯಾರೂ ಕಾಣದ ಕಾರಣ ಬೀದಿಗೆಲ್ಲ ಕತ್ತರಿಯಪ್ಪನೇ ಆದ. ಎರಡು ಕುರ್ಚಿ, ಮಂಕಾದ ಒಂದು ಕನ್ನಡಿ, ಇಷ್ಟೇ ಅವನ ಕಟಿಂಗ್ ಅಂಗಡಿ. ಪಕ್ಕದ್ದು ಹಳೆ ಪುಸ್ತಕದ ಅಂಗಡಿ. ಇಬ್ಬರಿಗೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪುಸ್ತಕದವನು ಪೇಪರ್ ಓದಿ ಹೇಳುತ್ತಿದ್ದ, ಇವನು ತನ್ನ ಹಿತ್ತಲ ಬದನೆಯ ಯೋಗಕ್ಷೇಮ ಹೇಳುತ್ತಿದ್ದ.

ಹಿತ್ತಲು ಎಂದರೆ ಬಟ್ಟೆ ಒಗೆಯುವ ಕಲ್ಲಿನಿಂದ ಹಿಂದಿನ ಗೋಡೆಯ ತನಕ, ಎರಡು ಮಂಚ ಹಾಕಿದರೆ ತುಂಬಿಹೋಗುವ ಜಾಗ. ಅಲ್ಲಿಗೆ ಅವನು ದುಡ್ಡು ಸುರಿದವನಲ್ಲ. ಬಣ್ಣದ ಡಬ್ಬಿಯ ತಳಕ್ಕೆ ಮೊಳೆ ಹೊಡೆದು ನೀರು ಹನಿಸುತ್ತಿದ್ದ. ಹರಿದ ಟವೆಲ್ಲನ್ನು ಸೀಳಿ ಟೊಮೇಟೊ ಗಿಡವನ್ನು ಕೋಲಿಗೆ ಕಟ್ಟುತ್ತಿದ್ದ. ಅಂಗಡಿಯಲ್ಲಿ ತಲೆಗೆ ನೀರು ಚಿಮುಕಿಸುವ ಬಾಟಲಿ ಹಳತಾದರೆ ಸೋಪಿನ ನೀರು ತುಂಬಿ ಎಲೆಯಡಿಯ ಹೇನಿನ ಮೇಲೆ ಬಿಡುತ್ತಿದ್ದ. ಎಲೆಗೂ ಹೇನು, ತಲೆಗೂ ಹೇನು, ನಂದು ಒಂದೇ ಕಸುಬು ಎನ್ನುತ್ತಿದ್ದ.

ಅವನ ಹಗೆ ಎಂದರೆ ಜೇಕು. ಹುಲ್ಲಿನ ಹಾಗೆ ಕಾಣುವ, ಹುಲ್ಲಿಗಿಂತ ನೂರು ಪಾಲು ನಾಚಿಕೆಗೆಟ್ಟ ಕಳೆ. ಮಣ್ಣಿನಡಿ ಅದಕ್ಕೆ ಕಪ್ಪು ಗಡ್ಡೆಗಳು. ಗಡ್ಡೆಯಿಂದ ಗಡ್ಡೆಗೆ ದಾರದಂಥ ಬೇರು. ಕುದಿಯುವ ನೀರು ಹೊಯ್ದರೆ ಎಲೆ ಬೆಂದು ಲೋಳೆಯಾಗುತ್ತಿತ್ತು, ವಾರ ಕಳೆಯುವುದರೊಳಗೆ ಹೊಸ ಮೊಳಕೆ ತಲೆ ಎತ್ತುತ್ತಿತ್ತು. ರಟ್ಟು ಹೊದಿಸಿದರೆ ಸೂಜಿಯಂತೆ ರಟ್ಟನ್ನೇ ತೂರಿಕೊಂಡು ಬರುತ್ತಿತ್ತು. ಹೆಂಡತಿ ಸಿಟ್ಟಿನಿಂದ ಹಿಡಿಹಿಡಿಯಾಗಿ ಕಿತ್ತೆಸೆದಳು. ಒಂದು ಕಿತ್ತಲ್ಲಿ ನಾಲ್ಕು ಬಂತು.

"ಕೀಳ್ಬೇಡ ಕಣೇ. ದಾರ ಹರಿಯುತ್ತೆ, ಗಡ್ಡೆ ಅಲ್ಲೇ ಉಳಿಯುತ್ತೆ. ಒಂದೇ ಮನೇಲಿದ್ದವಕ್ಕೆಲ್ಲ ನೀನೇ ಬೇರೆ ಸಂಸಾರ ಹೂಡಿಸ್ತಿದೀಯ."

"ಮತ್ತೇನು ಆರತಿ ಎತ್ಲಾ ಇದಕ್ಕೆ?"

"ಕಟಿಂಗ್ ಮಾಡ್ಬೇಕು. ಮೇಲೆ ಬಂದ ಹಾಗೆ ಕತ್ತರಿಸ್ತಾ ಇರ್ಬೇಕು. ಎಲೆ ಇಲ್ದಿದ್ರೆ ಗಡ್ಡೆಗೆ ಊಟ ಎಲ್ಲಿಂದ ಬರುತ್ತೆ? ಉಳಿದ ಕಳೆಗೆ ಕೂದಲ ಹೊದಿಕೆ ಸಾಕು."

ಹಾಗೆ ಬಂತು ಕೂದಲು. ಮೊದಲ ಸಲ ಅವನು ಅದನ್ನು ಒಣಗಿದ್ದನ್ನೇ ಬದನೆ ನೆಟ್ಟ ಮಡಿಯ ಮೇಲೆ ಉದುರಿಸಿದ. ಗುಡಿಸಿ ಗೊತ್ತಿದ್ದವನೇ ಹೊರತು ಹರಡಿ ಗೊತ್ತಿರಲಿಲ್ಲ. ಮಧ್ಯಾಹ್ನ ಗಾಳಿ ಎದ್ದಿತು. ಒಗೆದು ಹರವಿದ ಬಟ್ಟೆಗೆಲ್ಲ ಮೀಸೆ ಮೊಳೆಯಿತು. ದಿಂಬಿನ ಚೀಲದ ಮೇಲೆ ಯಾರದೋ ಕೃತಾವು. ಆಚೆಮನೆಯಾಕೆ ಹಾಲಿನ ಪಾತ್ರೆ ಹಿಡಿದು ಗೋಡೆಯಾಚೆಯಿಂದ ಒಂದು ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. ಅವನು ಬಂದಾಗ ಹೆಂಡತಿ ತನ್ನ ಲಂಗವನ್ನು ಕೋಲಿನ ತುದಿಯಲ್ಲಿ ಎತ್ತಿ ಹಿಡಿದಳು.

"ರೀ, ಇದು ಯಾರ ಗಡ್ಡ?"

ಅವನು ಹತ್ತಿರ ಬಂದು ನೋಡಿದ. "ಪೋಸ್ಟ್ ಮಾಸ್ತರರದ್ದು ಅನ್ಸುತ್ತೆ."

"ಥೂ, ನಿಮ್ಮ ಮಡಿಗೊಂದು ಮಡಿಯಿಲ್ಲ. ಇನ್ಮೇಲೆ ಆ ಮಣ್ಣಿನ ಒಂದು ಕಾಯಿ ನಾನು ಬಾಯಿಗಿಟ್ರೆ ಕೇಳಿ."

ಆಮೇಲೆ ಅವನು ಕಲಿತ. ಮಣ್ಣು ನೆನೆಸಿ, ಕೂದಲನ್ನು ಬಕೆಟ್ಟಿನಲ್ಲಿ ಅದ್ದಿ, ಗಿಡದ ಬುಡಕ್ಕೆ ತಾಗದಂತೆ ಹರಡಿ, ಮೇಲೆ ಹಳೆ ಗೋಣಿ ಮುಚ್ಚಿದ. ಬಣ್ಣ ಹಚ್ಚಿದ ಕೂದಲನ್ನು ಅಂಗಡಿಯಲ್ಲೇ ಬೇರೆ ಹಾಕಿದ. ನೆಂದ ಕೂದಲು ಸತ್ತ ಇಲಿಯ ಹಾಗೆ ಮುದ್ದೆಯಾಗಿ ಬಿದ್ದಿರುತ್ತಿತ್ತು, ಗೋಣಿ ಎತ್ತಿದರೆ ಕೂದಲು ಮೆತ್ತಿಕೊಂಡ ಗೊಣ್ಣೆಹುಳು ಹೊರಳುತ್ತಿತ್ತು. ಆದರೆ ಉಳಿದ ಕಳೆ ಹುಟ್ಟುವುದು ನಿಂತಿತು. ಗೋಣಿಯ ಎಳೆ ಸರಿಸಿಕೊಂಡು ಬಂದ ಜೇಕನ್ನು ಬೆಳಿಗ್ಗೆ ಎದ್ದವನೇ ಕುಕ್ಕರಗಾಲಲ್ಲಿ ಕೂತು ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಸವರುತ್ತಿದ್ದ, ಚಳಿಯಿರಲಿ ಮಳೆಯಿರಲಿ. ಬರಬರುತ್ತ ಅದು ಕೂದಲುದುರಿದ ತಲೆಯಂತೆ ಅಲ್ಲೊಂದು ಇಲ್ಲೊಂದಾಯಿತು. ಬದನೆ ತುಂಬಿ ನಿಂತಿತು.

ಅವನಿಗೆ ಬೇಕಿದ್ದದ್ದು ಒಂದೇ. ಅವಳು ಒಂದು ಕಾಯಿ ತಿನ್ನಬೇಕು. ಒಲೆ ಒಂದೇ, ಬಾಣಲೆ ಎರಡು. ಅವನ ಬದನೆ ಅವನ ಬಾಣಲೆಯಲ್ಲಿ, ಅವಳು ಸಂತೆಯಿಂದ ತಂದದ್ದು ಅವಳದರಲ್ಲಿ.

"ಸಂತೆ ಬದನೆಗೆ ಏನು ಗೊಬ್ಬರ ಹಾಕಿರ್ತಾರೆ ಗೊತ್ತಾ ನಿಂಗೆ?"

"ಗೊತ್ತಿಲ್ಲ. ಅದೇ ಸುಖ."

ಕೆಮ್ಮೆಂದು ಆಸ್ಪತ್ರೆಗೆ ಹೋದವನು ಮನೆಗೆ ನಡೆದು ಬರಲಿಲ್ಲ. ಫಿನಾಯಿಲ್ ನಾತದ ಆ ವಾರ್ಡಿನಲ್ಲಿ, ಉಸಿರಿಗೆ ನಿಂತು ನಿಂತು, ಅವನು ಕೇಳಿದ್ದೂ ಅದನ್ನೇ.

"ಬದನೆ ಕೊಯ್ದ್ಯಾ? ಬಲಿತ್ರೆ ಕಹಿಯಾಗುತ್ತೆ. ಒಂದಾದ್ರೂ ತಿನ್ನು."

"ನೀವು ಎದ್ದು ಬಂದು ಆ ಕೂದಲು ತೆಗೀರಿ, ತಿಂತೀನಿ."

ಅವನು ನಕ್ಕ. ನಗು ಕೆಮ್ಮಾಯಿತು.

ಸಾವಿನ ಮನೆಗೆ ಬಂದವರು ಹಿತ್ತಲಲ್ಲಿ ನಿಂತು ಬೀಡಿ ಸೇದಿದರು, ತುಂಡನ್ನು ಬದನೆಯ ಬುಡಕ್ಕೆ ತುಳಿದರು, ಕ್ಯಾಕರಿಸಿ ಉಗುಳಿದರು. ಅವನ ಅಣ್ಣ, ಇಲ್ಲಿಗೆಲ್ಲ ಸಿಮೆಂಟ್ ಬಳಿಸಿಬಿಡಮ್ಮ, ಹಾಳು ಕೂದಲಿನ ಕಾಟ ತಪ್ಪುತ್ತೆ ಎಂದ. ಕೂದಲಿಗೂ ಬಾರದ ಅಸಹ್ಯ ಅವಳಿಗೆ ಆ ಮಾತಿಗೆ ಬಂತು. ತಿರುಗಿ ಒಳಗೆ ಹೋದಳು.

ಜೇಕು ಯಾರ ಸೂತಕವನ್ನೂ ಕಾಯಲಿಲ್ಲ. ಗೋಣಿ ಕೊಳೆತು ಹರಿದಲ್ಲೆಲ್ಲ ಹಸಿರು ಸೂಜಿ ಎದ್ದವು, ಟೊಮೇಟೊ ಒಣಗಿತು, ಬದನೆಯ ಎಲೆ ಹಳದಿಗೆ ತಿರುಗಿತು. ಅವಳು ಹಠಕ್ಕೆ ಬಿದ್ದು ಕಿತ್ತಳು. ಅವನು ಹೇಳಿದ ಹಾಗೆಯೇ ಅವು ಹೊಸ ಸಂಸಾರ ಹೂಡಿದವು. ಬಲಿತು ಉಳಿದಿದ್ದ ಎರಡು ಗಿಡವೂ ಹೋದರೆ ಅವನು ಕೇಳಿದ ಆ ಒಂದು ಕಾಯಿ ಇನ್ನೆಲ್ಲಿಂದ?

ಒಂದು ಮಧ್ಯಾಹ್ನ ಪುಸ್ತಕದಂಗಡಿಯ ಮುಂದೆ ಬಂದು ನಿಂತಳು, ಕೈಯಲ್ಲಿ ಖಾಲಿ ಚೀಲ.

"ಅಣ್ಣ, ಇವರ ಅಂಗಡಿಗೆ ಬಂದಿದಾನಲ್ಲ, ಆ ಹೊಸಬ ಕೂದಲನ್ನ ಏನು ಮಾಡ್ತಾನೆ?"

"ಬಿಸಾಡ್ತಾನೆ ಅತ್ತಿಗೆ."

ಪಕ್ಕದಂಗಡಿಗೆ ಹೋಗಿ ಕೇಳಿದ್ದಕ್ಕೆ ಹೊಸಬ ಒಂದು ಡಬ್ಬ ತೋರಿಸಿದ. ಅವಳು ಬಗ್ಗಿ ನೋಡಿ ಮುಖ ಸಿಂಡರಿಸಿದಳು. ಕೂದಲ ಜೊತೆ ಟೀ ಕಪ್ಪು, ಮುರಿದ ಬ್ಲೇಡು, ಸೋಪಿನ ನೊರೆ, ಬಣ್ಣದ ಬಟ್ಟಲು.

"ಥೂ. ಹೀಗಾ ಇಡೋದು? ಬ್ಲೇಡ್ ಬೇರೆ ಹಾಕಪ್ಪ. ಬಣ್ಣದ ಕೂದಲು ಬೇರೆ. ಅವರು ಹಾಗೇ ಇಡ್ತಿದ್ರು." ಆಮೇಲೆ ದನಿ ತಗ್ಗಿಸಿದಳು. "ನಾಳೆಯಿಂದ ಬರ್ತೀನಿ."

ಮರುದಿನದಿಂದ ಅವಳು ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದು ಬೀದಿಯಲ್ಲಿ ನಡೆದಳು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ, ಬೈಯುತ್ತಲೇ ಕೂದಲನ್ನು ಬಕೆಟ್ಟಿನಲ್ಲಿ ಅದ್ದಿದಳು. ಹೊಸ ಗೋಣಿ ಮುಚ್ಚಿದಳು. ಬೆಳಿಗ್ಗೆ ಬೆಳಿಗ್ಗೆ ಅವನ ಕತ್ತರಿಯಿಂದಲೇ ಜೇಕಿನ ತಲೆ ಸವರಿದಳು. ಸವರಿದಾಗಲೆಲ್ಲ ಒಂದು ಛೀ.

ಬದನೆ ಚಿಗುರಿತು, ಹೂಬಿಟ್ಟಿತು. ಮೊದಲ ಕಾಯಿಯನ್ನು ಎಳೆಯದಾಗಿರುವಾಗಲೇ ಕೊಯ್ದು, ಬಿಸಿನೀರಿನಲ್ಲಿ ತೊಳೆದು, ಮತ್ತೆ ತೊಳೆದು, ಅವನ ಬಾಣಲೆಯಲ್ಲಿ ಹುರಿದಳು. ತಟ್ಟೆಗೆ ಹಾಕಿಕೊಳ್ಳಲೂ ಮನಸ್ಸಾಗದೆ ಒಲೆಯ ಮುಂದೆ ನಿಂತೇ ಕಣ್ಣು ಮುಚ್ಚಿ ಒಂದು ಹೋಳು ಬಾಯಿಗಿಟ್ಟಳು.

ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಅವಳಿಗೆ ಅನುಮಾನವೇ ಇರಲಿಲ್ಲ, ಕೂದಲೇ. ಬೆರಳು ಹಾಕಿ ತಡಕಿದಳು. ಏನೂ ಸಿಗಲಿಲ್ಲ. ನೀರು ಕುಡಿದಳು. ಹೋಗಲಿಲ್ಲ.

ಬದನೆ ರುಚಿಯಾಗಿತ್ತು. ಅವಳಿಗೆ ಸಿಟ್ಟು ಬಂದದ್ದು ಅದಕ್ಕೆ.