ವಿಡಿಯೋದವರ ನಲ್ಲಿ

ಶಿಡ್ಲಘಟ್ಟದ ಮದುವೆಗಳನ್ನೆಲ್ಲ ಸೀಡಿಗೆ ಇಳಿಸುತ್ತಿದ್ದ ನಮ್ಮ ವಿಡಿಯೋದವರು ಮಾತಿಗೊಮ್ಮೆ ಮಣಿಕಟ್ಟು ತಿರುಗಿಸಿ ಗಾಳಿಯಲ್ಲೇ ನಲ್ಲಿ ಬಿಗಿಯುತ್ತಿದ್ದರು. ನನ್ನ ಅಕ್ಕನ ಮದುವೆಯ ವಿಡಿಯೋ ಮೂರು ಗಂಟೆಯದು.

"ಊಟದ ಪಂಕ್ತೀನೂ ಬಿಡ್ಬೇಡಿ, ಉಂಡೋರೆಲ್ಲ ಕಾಣ್ಬೇಕು. ಒಂದೇ ಸೀಡೀಲಿ ಮುಗಿಸಿ," ಎಂದರು ಅಪ್ಪ.

"ಬಿಂದಿಗೆ ಇರೋದೇ ಅಷ್ಟು ಸ್ವಾಮಿ, ನಲ್ಲಿ ನಿಮ್ಮ ಕೈಲಿದೆ. ಬಿಟ್‌ರೇಟ್ ಅಂದ್ರೆ ನಲ್ಲಿ. ಜೋರಾಗಿ ಬಿಟ್ರೆ ಚಿತ್ರ ಚೆನ್ನಾಗಿರುತ್ತೆ, ಸೀಡಿ ಬೇಗ ತುಂಬುತ್ತೆ. ಸಣ್ಣಗೆ ಬಿಟ್ರೆ ಮೂರು ಗಂಟೇನೂ ಹಿಡಿಸುತ್ತೆ, ಮುಖ ಮಾತ್ರ ಕಾಣಲ್ಲ."

"ಸಣ್ಣಗೇ ಬಿಡಿ!"

ಸೀಡಿ ತಂದ ದಿನ ವಿಡಿಯೋದವರೂ ನೆಂಟರ ಜೊತೆ ಟೀವಿ ಮುಂದೆ ಕೂತರು. ಪಂಕ್ತಿಯಲ್ಲಿ ಬಣ್ಣಬಣ್ಣದ ಚೌಕಗಳು ಒಬ್ಬಟ್ಟು ತಿನ್ನುತ್ತಿದ್ದವು. ಮದುವೆಗೆ ಬಾರದೆ ಅಪ್ಪನ ಸಿಟ್ಟಿಗೆ ಗುರಿಯಾಗಿದ್ದ ಚಿಂತಾಮಣಿಯ ಸೋದರಮಾವ ಎದ್ದು ಹೋಗಿ ಒಂದು ಹಸಿರು ಚೌಕದ ಮೇಲೆ ಬೆರಳಿಟ್ಟರು.

"ಬರ್ಲಿಲ್ಲ ಅಂತೀರಲ್ಲ ಭಾವ, ಮತ್ತೆ ಇದ್ಯಾರು?"

ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಇಲ್ಲವೆನ್ನಲು ದಾರಿಯಿರಲಿಲ್ಲ. ವಿಡಿಯೋದವರತ್ತ ತಿರುಗಿದರೆ, ಅವರು ಗಾಳಿಯಲ್ಲಿ ನಲ್ಲಿಯೊಂದನ್ನು ಮೆಲ್ಲಗೆ ಬಿಗಿದರು.

"ಒಬ್ಬಟ್ಟು ಹೆಂಗಿತ್ತಪ್ಪಾ?" ಎಂದರು ಸೋತ ಅಪ್ಪ.

"ತುಪ್ಪ ಕಮ್ಮಿಯಾಯ್ತು ಭಾವ."